ಕೆರಿಬಿಯನ್ನಿಗೆ ಹೊರಟ ಕೊಬ್ಬರಿ ಎಣ್ಣೆ

ಪ್ರಯಾಣಕ್ಕೆ ಇನ್ನೂ ಎರಡು ತಿಂಗಳಿರುವಾಗಲೇ ನನ್ನ ಸೂಟ್‌ಕೇಸು ಹಜಾರಕ್ಕೆ ಬಂದು ನಿಲ್ಲುತ್ತದೆ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯೇನಿಲ್ಲ. ಮನೆಯವರ ಕಾಲ್ಬೆರಳುಗಳ ಬಗ್ಗೆ ಮಾತ್ರ ಸ್ವಲ್ಪ ಕನಿಕರವಿದೆ. ರೆಡ್ಮಂಡ್‌ನಲ್ಲಿ ಕೆಲಸ ಮುಗಿಸಿ ಬರುವ ಅಳಿಯ ಹರೀಶ್ ದಿನಾ ಸಂಜೆ ತಪ್ಪದೆ ಅದಕ್ಕೆ ಎಡವುತ್ತಾರೆ.

"ಅತ್ತೆ, ಫ್ಲೈಟ್ ಇರೋದು ಏಪ್ರಿಲ್‌ನಲ್ಲಿ."

"ಗೊತ್ತು ಬಿಡಿ. ಅದಕ್ಕೇ ಇನ್ನೂ ಬೀಗ ಹಾಕಿಲ್ಲ."

ನನ್ನನ್ನು ಹೀಗೆ ಮಾಡಿದ್ದು ನರ್ಸಿಂಗ್ ಹಾಸ್ಟೆಲು. ಅಲ್ಲಿ ಚಾದರದ ಮೂಲೆ ಸೊಟ್ಟಗಿದ್ದರೆ ಮೇಟ್ರನ್ ಇಡೀ ಹಾಸಿಗೆಯನ್ನು ಕಿತ್ತು ನೆಲಕ್ಕೆ ಎಸೆದು ಮತ್ತೆ ಹಾಸಿಸುತ್ತಿದ್ದರು. ಆಮೇಲೆ ಮೈಸೂರಿನ ಒಂದು ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ನಿವೃತ್ತಿಯವರೆಗೂ ಸಿಸ್ಟರ್ ಆಗಿದ್ದೆ. ಅಲ್ಲಿ ಡಾಕ್ಟರು ಕೈ ಚಾಚುವ ಮೊದಲೇ ಕತ್ತರಿ ಅವರ ಅಂಗೈಯಲ್ಲಿರಬೇಕು. ಕೇಳಿದ ಮೇಲೆ ಕೊಟ್ಟರೆ ಅದು ತಡ. ಹೀಗೆ ಮುಂದೆ ಬರುವುದನ್ನು ಈಗಲೇ ತೆಗೆದಿಟ್ಟುಕೊಂಡು ರೂಢಿಯಾದವಳಿಗೆ ಈಗ ಎನ್ನುವ ಹೊತ್ತಿನಲ್ಲಿ ಮಾಡಲು ಏನೂ ಉಳಿದಿರುವುದಿಲ್ಲ. ಆದ್ದರಿಂದ ಅಮೆರಿಕದ ಸಿಯಾಟಲ್ ಬಳಿಯ ಮಿಲ್ ಕ್ರೀಕ್‌ನ ಮಗಳ ಮನೆಯಲ್ಲಿ ನಾನು ಒಂದು ಕಿಟಕಿಯಿಂದ ಇನ್ನೊಂದು ಕಿಟಕಿಗೆ ಓಡಾಡುತ್ತಿರುತ್ತೇನೆ. ಎರಡೂ ಕಿಟಕಿಯಿಂದ ಕಾಣುವುದು ಅದೇ ಬೂದು ಆಕಾಶ. ಆದರೂ ಖಚಿತ ಮಾಡಿಕೊಳ್ಳುವುದು ಒಳ್ಳೆಯದು.

ಈ ಸಲ ಹೊರಟಿರುವುದು ಬೊನೇರ್ ಎಂಬ ಕೆರಿಬಿಯನ್ ದ್ವೀಪಕ್ಕೆ. ಭೂಪಟದಲ್ಲಿ ಅನ್ನದ ಅಗುಳಿನಷ್ಟಿದೆ. ಮರ ಕಡಿಮೆ, ಕಳ್ಳಿ ಹೆಚ್ಚು, ಉಪ್ಪಿನ ಗುಡ್ಡಗಳಿವೆ, ಕತ್ತೆಗಳು ರಸ್ತೆಯಲ್ಲೇ ಓಡಾಡುತ್ತವೆ ಎಂದು ಓದಿದ್ದೇನೆ. ಇಷ್ಟನ್ನೇ ನೋಡುವುದಾದರೆ ಚಿತ್ರದುರ್ಗದ ಕಡೆ ಹೋದರೆ ಸಾಕಿತ್ತು. ಆದರೆ ಅಲ್ಲಿಯ ವಿಶೇಷವೆಲ್ಲ ನೀರಿನ ಒಳಗಿದೆಯಂತೆ. ದಡದಿಂದ ನಾಲ್ಕು ಹೆಜ್ಜೆ ನಡೆದರೆ ಹವಳದ ತೋಟ. ಅದನ್ನು ನೋಡಬೇಕೆಂದು ಹಟ ಹಿಡಿದವಳು ಮೊಮ್ಮಗಳು ಇಂಚರ. ಹದಿಮೂರರ ಹುಡುಗಿ. ಸಿಯಾಟಲ್‌ನ ಮೀನಿನ ಸಂಗ್ರಹಾಲಯಕ್ಕೆ ಕರೆದುಕೊಂಡು ಹೋದರೆ ಗಾಜಿಗೆ ಮೂಗು ಒತ್ತಿ ನಿಂತುಬಿಡುತ್ತಾಳೆ. ಈ ವರ್ಷ ಅವಳಿಗೆ ಗಾಜು ಸಾಕಾಗಿದೆ.

ಸಿಲಿಂಡರ್ ಕಟ್ಟಿಕೊಂಡು ಸಮುದ್ರಕ್ಕೆ ಇಳಿಯುವುದಕ್ಕೆ ಒಂದು ಮುಖ್ಯ ನಿಯಮವಿದೆ. ಯಾರೂ ಒಬ್ಬರೇ ಇಳಿಯುವಂತಿಲ್ಲ, ಜೋಡಿಯಾಗಿಯೇ ಇಳಿಯಬೇಕು. ಅವಳ ವಯಸ್ಸಿನ ಮಕ್ಕಳಿಗೆ ತರಬೇತಿ ಪಡೆದ ದೊಡ್ಡವರೇ ಜೋಡಿಯಾಗಬೇಕು. ಮಗಳು ಶುಭಾಗೆ ಚಿಕ್ಕಂದಿನಿಂದ ಉಬ್ಬಸ. ಡಾಕ್ಟರು ಬೇಡವೇ ಬೇಡ ಎಂದರು. ಹರೀಶ್ ಅವರ ಕಿವಿಯ ತಮಟೆಗೆ ಶಸ್ತ್ರಚಿಕಿತ್ಸೆಯಾಗಿದೆ. ಘಾಟಿಯಲ್ಲಿ ಕಾರು ಹತ್ತಿಸಿದರೂ ಅವರು ಕಿವಿ ಹಿಡಿದುಕೊಳ್ಳುತ್ತಾರೆ. ಉಳಿದವಳು ನಾನು. ನನ್ನ ಡಾಕ್ಟರು ಎದೆ, ಶ್ವಾಸಕೋಶ ಎಲ್ಲ ತಪಾಸಣೆ ಮಾಡಿಸಿ, ಸ್ವಲ್ಪ ಆಶ್ಚರ್ಯಪಟ್ಟುಕೊಂಡೇ ಸಹಿ ಹಾಕಿದರು.

"ಅಮ್ಮ, ನಿಂಗೆ ಯಾಕೆ ಇದೆಲ್ಲ? ಅಲ್ಲೇ ಗೈಡ್ ಸಿಗ್ತಾರೆ," ಎಂದಳು ಶುಭಾ.

ನಾನು ಉತ್ತರ ಕೊಡುವ ಮೊದಲು ಇಂಚರಳ ಮುಖ ನೋಡಿದೆ. ಅವಳು ಫೋನಿನಿಂದ ತಲೆ ಎತ್ತಿರಲಿಲ್ಲ, ಆದರೆ ಬೆರಳು ನಿಂತಿತ್ತು. ಹದಿಮೂರರವರು ಬೇಕು ಎಂದು ಬಾಯಿಬಿಟ್ಟು ಹೇಳುವುದಿಲ್ಲ. ಬೆರಳು ನಿಂತರೆ ಬೇಕು ಎಂದೇ ಅರ್ಥ.

ಅಲ್ಲಿಂದ ಯೋಜನೆ ನನ್ನ ಕೈಗೆ ಬಂತು. ಹರೀಶ್ ಮಾಡಿಟ್ಟಿದ್ದ ಕಾರ್ಯಕ್ರಮದಲ್ಲಿ ಮೊದಲ ನೋಟಕ್ಕೇ ತಪ್ಪು ಹಿಡಿದೆ. ಹೊರಡುವ ದಿನ ಬೆಳಿಗ್ಗೆ ಒಂದು ಡೈವ್, ಮಧ್ಯಾಹ್ನ ವಿಮಾನ. ಆಳದಲ್ಲಿ ಉಸಿರಾಡಿದಾಗ ರಕ್ತಕ್ಕೆ ಸೇರಿಕೊಂಡ ಸಾರಜನಕ ನಿಧಾನವಾಗಿ ಹೊರಗೆ ಬೀಳಬೇಕು. ಅಷ್ಟರಲ್ಲಿ ವಿಮಾನ ಹತ್ತಿದರೆ ಸೋಡಾ ಬಾಟಲಿಯ ಮುಚ್ಚಳ ತೆಗೆದಂತೆ ಮೈಯೊಳಗೆ ಗುಳ್ಳೆ ಏಳುತ್ತದೆ. ಆದ್ದರಿಂದ ಕೊನೆಯ ದಿನ ನೀರಿಗೆ ಇಳಿಯುವಂತಿಲ್ಲ, ಸುಮ್ಮನೆ ಇರಬೇಕು. ತಪ್ಪು ಹಿಡಿದ ಸಂತೋಷ ಬಹಳ ಹೊತ್ತು ಉಳಿಯಲಿಲ್ಲ. ಆ ಸುಮ್ಮನಿರುವ ದಿನ ನನ್ನ ಎದುರು ಖಾಲಿ ಹಾಸಿಗೆಯಂತೆ ಬಿದ್ದುಕೊಂಡಿತು. ಬೆಳಿಗ್ಗೆ ಉಪ್ಪಿನ ಗುಡ್ಡ, ಆಮೇಲೆ ಕತ್ತೆಗಳು, ಆಮೇಲೆ ದೀಪಸ್ತಂಭ ಎಂದು ನಾನು ತುಂಬಿಸುತ್ತ ಹೋದೆ. ಇಂಚರ ಬಂದು ಎಲ್ಲವನ್ನೂ ಅಳಿಸಿ "ನಥಿಂಗ್" ಎಂದು ಬರೆದು ಹೋದಳು. ಮನೆಯಲ್ಲಿ ಯಾರೂ ಇಲ್ಲದಾಗ ಕತ್ತೆಗಳನ್ನು ಮಾತ್ರ ಮತ್ತೆ ಸೇರಿಸಿದೆ.

ಇಲ್ಲಿಯ ಸಮುದ್ರ ಬೇಸಿಗೆಯಲ್ಲೂ ಮೂಳೆ ಕೊರೆಯುತ್ತದೆ. ಹಾಗಾಗಿ ಅರ್ಧ ತರಬೇತಿ ಇಲ್ಲಿಯ ಬಿಸಿನೀರಿನ ಈಜುಕೊಳದಲ್ಲಿ, ಉಳಿದರ್ಧ ದ್ವೀಪದಲ್ಲಿ ಎಂದಾಯಿತು. ಈಜು ನನಗೆ ಹೊಸದಲ್ಲ. ಮಂಡ್ಯದ ಕಡೆಯ ನಾಲೆಯಲ್ಲಿ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ನಮ್ಮ ಸೋದರಮಾವ ನನ್ನನ್ನು ನೀರಿಗೆ ತಳ್ಳಿದ್ದರು. ಆಗ ಬೆನ್ನಿಗೆ ಕಟ್ಟಿದ್ದು ತೇಲಲಿ ಎಂದು. ಈಗ ಕಟ್ಟುತ್ತಿರುವುದು ಮುಳುಗಿದ ಮೇಲೆ ಬದುಕಿರಲಿ ಎಂದು. ಈ ವಯಸ್ಸಿಗೆ ಇದೂ ಒಂದು ಬಡ್ತಿಯೇ.

ಡಯೇನ್ ಎಂಬ ತರಬೇತಿಗಾರ್ತಿ ಮೊದಲು ಹೇಳಿಕೊಟ್ಟ ಮಾತು, ಉಸಿರನ್ನು ಎಂದೂ ಬಿಗಿಹಿಡಿಯಬಾರದು ಎಂದು. ನಾನು ಉಸಿರು ಬಿಗಿಹಿಡಿದೇ ಸಂಸಾರ ಮಾಡಿದವಳು. ಹೊಟ್ಟೆ ಹೊಲಿಯುವ ಮುನ್ನ ಡಾಕ್ಟರು "ಸಿಸ್ಟರ್, ಲೆಕ್ಕ ಸರಿಯಿದೆಯಾ?" ಎಂದು ಕೇಳಿ, ಬಳಸಿದ ಬಟ್ಟೆ ಚೂರುಗಳನ್ನೆಲ್ಲ ನಾನು ಎಣಿಸಿ ಮುಗಿಸುವವರೆಗೆ ಇಡೀ ಥಿಯೇಟರು ಉಸಿರು ಹಿಡಿದಿರುತ್ತಿತ್ತು. ಯೋಗದ ಮೇಷ್ಟ್ರೂ ಕುಂಭಕ ಎಂದು ಅದನ್ನೇ ಹೇಳಿಕೊಟ್ಟರು. ಈಗ ಎಲ್ಲವನ್ನೂ ಮರೆಯಬೇಕಾಗಿತ್ತು. ಅದನ್ನಾದರೂ ಮರೆತೆ. ಸೋತದ್ದು ಮಾಸ್ಕಿನಲ್ಲಿ.

ಪರೀಕ್ಷೆ ಹೀಗಿದೆ. ಕೊಳದ ತಳದಲ್ಲಿ ಮಂಡಿಯೂರಿ, ಕಣ್ಣು ಮೂಗು ಮುಚ್ಚುವ ಮಾಸ್ಕಿನೊಳಗೆ ಬೇಕೆಂದೇ ನೀರು ಬಿಟ್ಟುಕೊಳ್ಳಬೇಕು. ಆಮೇಲೆ ಮೇಲಂಚನ್ನು ಒತ್ತಿ, ತಲೆ ಎತ್ತಿ, ಮೂಗಿನಿಂದ ಜೋರಾಗಿ ಊದಿದರೆ ನೀರು ಹೊರಗೆ ಹೋಗುತ್ತದೆ. ಎಲ್ಲರಿಗೂ ಹೋಯಿತು. ನನಗೆ ಹೋದಷ್ಟೇ ಮತ್ತೆ ಬಂತು. ಮಾಸ್ಕು ಕೆನ್ನೆಯ ಮೇಲೆ ಜಾರಿತು, ಪಟ್ಟಿ ತುರುಬಿನ ಮೇಲೆ ಏರಿ ಕಳಚಿತು, ಮೂಗಿಗೆ ನೀರು ನುಗ್ಗಿ ನಾನು ಮೀನಿನ ಘನತೆಯಿಲ್ಲದೆ ಮೇಲಕ್ಕೆ ಚಿಮ್ಮಿದೆ. ಡಯೇನ್ ಪಟ್ಟಿ ಬಿಗಿ ಮಾಡಿದಳು. ಮತ್ತೆ ಜಾರಿತು. ಮುಂದಿನ ವಾರ ಬೇರೆ ಮಾಸ್ಕು ಕೊಟ್ಟಳು. ಅದೂ ಜಾರಿತು. ಕೊನೆಗೆ ಬಹಳ ನಯವಾಗಿ ಹೇಳಿದಳು: ಇನ್ನೊಂದು ತರಗತಿಯಿದೆ, ಅದರಲ್ಲೂ ಆಗದಿದ್ದರೆ ನಾನು ಒಪ್ಪಿಗೆ ಕೊಡಲಾರೆ, ಮೊಮ್ಮಗಳು ಗೈಡ್ ಜೊತೆ ಇಳಿಯಲಿ.

"ಇಟ್ಸ್ ಫೈನ್," ಎಂದಳು ಇಂಚರ. ಫೈನ್ ಎಂಬ ಮಾತನ್ನು ಈ ಮನೆಯಲ್ಲಿ ಯಾರೂ ಸಂತೋಷವಾಗಿದ್ದಾಗ ಬಳಸುವುದಿಲ್ಲ.

ಆ ವಾರ ನಾನು ಸುಮ್ಮನೆ ಕೂತ ನೆನಪಿಲ್ಲ. ಮಾಸ್ಕು ಹಾಕಿಕೊಂಡು ಅಡುಗೆಮನೆಯ ಸಿಂಕಿನಲ್ಲಿ ಮುಖ ಮುಳುಗಿಸಿದೆ. ಸ್ನಾನದ ತೊಟ್ಟಿಯಲ್ಲಿ ಅಂಗಾತ ಮಲಗಿ ಊದಿದೆ. ಬಾಗಿಲಲ್ಲಿ ನಿಂತು ನೋಡಿದ ಶುಭಾ, "ಅಮ್ಮ, ನೈಬರ್ಸ್ ಪೊಲೀಸ್‌ಗೆ ಕಾಲ್ ಮಾಡ್ತಾರೆ," ಎಂದಳು. ರಾಮೇಶ್ವರದ ಕಡೆ ಮುಳುಗಿ ಶಂಖ, ಮುತ್ತು ತೆಗೆಯುತ್ತಿದ್ದವರು ದೋಣಿಯಲ್ಲಿ ಹಗ್ಗ ಹಿಡಿಯಲು ಹೆಂಡತಿಯ ತಮ್ಮನನ್ನೇ ಕೂರಿಸುತ್ತಿದ್ದರು ಎಂದು ಯಾರೋ ಹೇಳಿದ್ದು ಆಗ ನೆನಪಾಯಿತು. ಒಡಹುಟ್ಟಿದವನಾದರೆ ಆಸ್ತಿಯ ಯೋಚನೆ ಬಂದೀತು. ಬಾಮೈದನಾದರೆ ಅಕ್ಕನ ಕುಂಕುಮಕ್ಕಾಗಿ ಹಗ್ಗ ಬಿಡುವುದಿಲ್ಲವಂತೆ. ನಿಜವೋ ಕಟ್ಟುಕಥೆಯೋ, ಲೆಕ್ಕಾಚಾರ ಚೆನ್ನಾಗಿದೆ. ನನ್ನ ಮೊಮ್ಮಗಳ ಹಗ್ಗವನ್ನು ನನಗೆ ಹೆಸರೂ ಗೊತ್ತಿಲ್ಲದ ಗೈಡ್ ಒಬ್ಬ ಹಿಡಿಯುವುದು ನನಗೆ ಸಮ್ಮತವಿರಲಿಲ್ಲ. ಅವನು ಎಷ್ಟೇ ನಿಪುಣನಾಗಿರಲಿ, ಅವಳ ಬೆರಳು ನಿಂತದ್ದು ಅವನಿಗೆ ತಿಳಿಯುವುದಿಲ್ಲ.

ಕೊನೆಯ ತರಗತಿಯ ದಿನ ಹೊರಡುವ ಮೊದಲು ಎಂದಿನಂತೆ ಸಿದ್ಧಳಾಗುತ್ತಿದ್ದೆ. ಕೊಳದ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಕೂದಲು ನಾರಾಗುತ್ತದೆ, ಚರ್ಮ ಒಡೆಯುತ್ತದೆ. ಆದ್ದರಿಂದ ಕೊಬ್ಬರಿ ಎಣ್ಣೆಯನ್ನು ಬಿಸಿ ಮಾಡಿ ನೆತ್ತಿಗೆ ತಟ್ಟಿ, ಕೂದಲಿನ ತುದಿಯವರೆಗೆ ಎಳೆದು, ಉಳಿದದ್ದನ್ನು ಹಣೆ, ಕೆನ್ನೆ, ಕುತ್ತಿಗೆಗೆ ಸವರಿ ತುರುಬು ಕಟ್ಟುವುದು ನನ್ನ ಕ್ರಮ. ಶುಭಾ ಚಿಕ್ಕವಳಿದ್ದಾಗ ಅವಳನ್ನೂ ಹೀಗೇ ಮಿರಮಿರ ಮಿಂಚಿಸಿ ಈಜಿಗೆ ಕಳಿಸುತ್ತಿದ್ದೆ. ಎಣ್ಣೆ ಹಚ್ಚದೆ ನೀರಿಗೆ ಇಳಿಯುವುದು ನನಗೆ ಚಪ್ಪಲಿಯಿಲ್ಲದೆ ರಸ್ತೆಗೆ ಇಳಿದಂತೆ.

ಇಂಚರ ಬಾಗಿಲಿಗೆ ಬಂದು ನಿಂತಳು. ನನ್ನ ಕೈಯಲ್ಲಿದ್ದ ಬಟ್ಟಲನ್ನು ನೋಡಿದಳು, ನನ್ನ ಹಣೆಯನ್ನು ನೋಡಿದಳು.

"ಅಜ್ಜಿ. ಹೋದ ಕ್ಲಾಸ್‌ಗಳಿಗೂ ಹಚ್ಕೊಂಡಿದ್ರಾ?" ಅವಳು ಕನ್ನಡದಲ್ಲಿ ಕೇಳಿದಳೆಂದರೆ ವಿಷಯ ಗಂಭೀರವೆಂದೇ ಲೆಕ್ಕ.

"ಹಚ್ಕೊಳ್ದೆ ಮತ್ತೆ? ನಿನ್ನ ಹಾಗೆ ಪೊರಕೆ ಮಾಡ್ಕೊಳ್ಲಾ ಕೂದಲನ್ನ?"

"ಓ ಮೈ ಗಾಡ್. ದಿ ಹೋಲ್ ಪೂಲ್ ಸ್ಮೆಲ್ಡ್ ಲೈಕ್ ಚಟ್ನಿ. ಐ ಥಾಟ್ ಇಟ್ ವಾಸ್ ಸಮ್‌ಬಡೀಸ್ ಲಂಚ್." ಅವಳು ನೆಲದ ಮೇಲೆ ಕುಸಿದು ಕೂತು ನಗತೊಡಗಿದಳು. "ಮಾಸ್ಕ್ ರಬ್ಬರ್, ಅಜ್ಜಿ. ಇಟ್ ಹ್ಯಾಸ್ ಟು ಸ್ಟಿಕ್. ಯು ಆರ್ ಎ ದೋಸೆ ಕಾವಲಿ."

ಎಣ್ಣೆ ಸವರಿದ ಕಾವಲಿಗೆ ದೋಸೆ ಅಂಟುವುದಿಲ್ಲವೆಂದು ಅವಳಿಗೆ ಹೇಳಿಕೊಟ್ಟವಳು ನಾನೇ. ಯಾವುದೇ ಕೊಳೆ, ಯಾವುದೇ ಜಿಡ್ಡು ಇರದಂತೆ ಉಪಕರಣಗಳನ್ನು ಕುದಿಸಿ ಕುದಿಸಿ ಬಾಳನ್ನು ಕಳೆದವಳು, ನನ್ನ ಮುಖದ ಜಿಡ್ಡನ್ನು ಮಾತ್ರ ಶುಭ್ರತೆಯ ಲೆಕ್ಕಕ್ಕೇ ಸೇರಿಸಿಕೊಂಡಿದ್ದೆ. ಡಯೇನ್‌ಗೆ ವಾಸನೆ ಬಂದೇ ಇರುತ್ತದೆ. ಈ ದೇಶದವರ ಸೌಜನ್ಯದಿಂದ ನಾವು ಎಷ್ಟು ಪರೀಕ್ಷೆಗಳಲ್ಲಿ ನಪಾಸಾಗುತ್ತೇವೋ ಗೊತ್ತಿಲ್ಲ.

ಹೊರಡಲು ಸ್ವಲ್ಪವೇ ಹೊತ್ತಿತ್ತು. ಶುಭಾಳ ಶಾಂಪೂ ಹಾಕಿ, ಮತ್ತೆ ಹಾಕಿ, ಮುಖವನ್ನು ಸಾಬೂನಿನಿಂದ ತಿಕ್ಕಿದೆ. ಕನ್ನಡಿಯಲ್ಲಿ ನೋಡಿದರೆ ಬಿಳಿಯ ಕೂದಲು ಹತ್ತಿಯಂತೆ ಹಾರಾಡುತ್ತಿತ್ತು. ಯಾರದೋ ಮನೆಯ ಅಜ್ಜಿ ನನ್ನ ಕನ್ನಡಿಗೆ ಬಂದಂತಿತ್ತು. ತುರುಬು ಬೇಡ, ಕೆಳಗೆ ಜಡೆ ಸಾಕು ಎಂದು ಇಂಚರ ಹೇಳಿದಳು. ಹಾಗೇ ಮಾಡಿದೆ. ಪ್ರಾಯಶಃ ಮೇಟ್ರನ್ ತೀರಿಕೊಂಡ ಮೇಲೆ ನಾನು ಇಷ್ಟು ಬೇಗ ಇನ್ನೊಬ್ಬರ ಮಾತು ಕೇಳಿದ್ದು ಅದೇ ಮೊದಲು.

ನೀರಿಗೆ ಇಳಿಯುವ ಮುನ್ನ ಜೋಡಿಯವರು ಒಬ್ಬರನ್ನೊಬ್ಬರು ತಪಾಸಣೆ ಮಾಡಬೇಕು. ನಾನು ಅವಳ ಪಟ್ಟಿ, ಗುಂಡಿ, ಗಾಳಿ ಎಷ್ಟಿದೆಯೆಂದು ತೋರಿಸುವ ಮುಳ್ಳು ಎಲ್ಲವನ್ನೂ ನೋಡಿ ಮುಗಿಸಿ, ಅಭ್ಯಾಸದಂತೆ ಮುಂದೆ ಹೊರಟೆ. ಅವಳು ನನ್ನ ಭುಜ ಹಿಡಿದು ನಿಲ್ಲಿಸಿದಳು. ಜನ್ಮವಿಡೀ ನಾನು ಇತರರ ಲೆಕ್ಕ ನೋಡಿದವಳು. ನನ್ನ ಲೆಕ್ಕವನ್ನು ಇನ್ನೊಬ್ಬರು ನೋಡುವಾಗ ಎಲ್ಲಿ ನೋಡಬೇಕು, ಕೈ ಎಲ್ಲಿಡಬೇಕು ಎಂದೇ ತಿಳಿಯಲಿಲ್ಲ. ಅವಳು ಒಂದೊಂದೇ ಪಟ್ಟಿಯನ್ನು ಎಳೆದು ನೋಡಿದಳು. ಕೊನೆಗೆ ನನ್ನ ಹಣೆಯ ಮೇಲೆ ಒಂದು ಬೆರಳು ಎಳೆದು, ಬೆರಳನ್ನು ಬೆಳಕಿಗೆ ಹಿಡಿದು, ತಲೆಯಾಡಿಸಿದಳು.

ಮಾಸ್ಕು ಜಾರಲಿಲ್ಲ. ನೀರು ಬಿಟ್ಟುಕೊಂಡೆ, ಊದಿದೆ, ಹೋಯಿತು. ಕಣ್ಣು ಬಿಟ್ಟರೆ ಎದುರಿಗೆ ಇಂಚರಳ ಎರಡು ಕಣ್ಣು, ಮಾಸ್ಕಿನ ಗಾಜಿನ ಹಿಂದೆ, ಮೀನಿನ ಸಂಗ್ರಹಾಲಯದಲ್ಲಿ ಇರುತ್ತಿದ್ದಂತೆಯೇ ಅರಳಿದ್ದವು. ಈ ಸಲ ಅವಳು ನೋಡುತ್ತಿದ್ದುದು ನನ್ನನ್ನು.

ಮನೆಗೆ ಬರುವಾಗ ಶುಭಾ ಕಾರು ಓಡಿಸುತ್ತಿದ್ದಳು, ನಾವಿಬ್ಬರೂ ಹಿಂದಿನ ಸೀಟಿನಲ್ಲಿ ಒದ್ದೆ ತಲೆಯಲ್ಲಿ ಕೂತಿದ್ದೆವು. ಒಪ್ಪಿಗೆ ಕೊಡುವಾಗ ಡಯೇನ್ ಒಂದು ಮಾತು ಹೇಳಿದ್ದಳು. ಒಂದೇ ಅಳತೆಯ ಸಿಲಿಂಡರು, ಒಂದೇ ಹೊತ್ತಿಗೆ ಇಳಿದರೂ ನನ್ನ ಗಾಳಿ ಇಂಚರಳಿಗಿಂತ ಬೇಗ ಇಳಿಯುತ್ತಿದೆಯಂತೆ. ಚಡಪಡಿಸುವವರಿಗೆ ಗಾಳಿ ಹೆಚ್ಚು ಬೇಕು. ಇಬ್ಬರಲ್ಲಿ ಯಾರ ಗಾಳಿ ಮೊದಲು ಕಡಿಮೆಯಾದರೂ ಇಬ್ಬರೂ ಮೇಲೆ ಬರಬೇಕು. ಅಂದರೆ ನನ್ನ ಚಡಪಡಿಕೆಗೆ ಬೆಲೆಯಾಗಿ ಹೋಗುವುದು ಅವಳು ಹವಳ ನೋಡುವ ಹೊತ್ತು.

"ಯುವರ್ ಏರ್ ವಿಲ್ ಫಿನಿಶ್ ಫಸ್ಟ್, ಅಜ್ಜಿ. ಇಟ್ಸ್ ಓಕೆ. ಐ ವಿಲ್ ಕಮ್ ಅಪ್ ವಿತ್ ಯು."

ಶುಭಾ ಕನ್ನಡಿಯಲ್ಲಿ ಒಮ್ಮೆ ನನ್ನನ್ನು ನೋಡಿ ರಸ್ತೆಗೆ ತಿರುಗಿದಳು.

"ಸಮುದ್ರದಲ್ಲಿ ಮಾತ್ರ ಕಣೇ," ಎಂದೆ. "ಮಿಕ್ಕ ಕಡೆ ನೀನು ಅಲ್ಲೇ ಇರು. ನೋಡೋದು ಬೇಕಾದಷ್ಟಿದೆ."

"ವಾಟ್?"

"ಏನಿಲ್ಲ. ಸೀಟ್ ಬೆಲ್ಟ್ ಸರಿಯಾಗಿ ಹಾಕ್ಕೊ."

ಆವತ್ತಿನಿಂದ ನಿಧಾನವನ್ನು ಅಭ್ಯಾಸ ಮಾಡುತ್ತಿದ್ದೇನೆ. ಸೂಟ್‌ಕೇಸಿನಲ್ಲಿದ್ದ ಎಣ್ಣೆಯ ಬಾಟಲಿಗಳಲ್ಲಿ ಒಂದನ್ನು ಉಳಿಸಿ, ಮಿಕ್ಕವನ್ನು ತೆಗೆದೆ. ಉಳಿಸಿದ್ದು ಸುಮ್ಮನಿರುವ ದಿನಕ್ಕೆ. ಆ ದಿನ ಯಾರೂ ಮಾಸ್ಕು ಹಾಕುವುದಿಲ್ಲ, ಇಂಚರ ತಲೆ ಕೊಡುತ್ತೇನೆಂದಿದ್ದಾಳೆ. ಕತ್ತೆಗಳನ್ನು ಅಳಿಸಿದ್ದೇನೆ.

ಇವತ್ತು ಬೆಳಿಗ್ಗೆ ಒಲೆಯ ಮುಂದೆ ನಿಂತು ಅದೇ ಅಭ್ಯಾಸ ಮಾಡುತ್ತಿದ್ದೆ. ಇಲ್ಲಿಯ ಹಾಲನ್ನು ಕಾಯಿಸಬೇಕಿಲ್ಲ ಎಂದು ಹೇಳಿ ಹೇಳಿ ಶುಭಾ ಸೋತಿದ್ದಾಳೆ, ನಾನು ಕಾಯಿಸುತ್ತೇನೆ. ನಿಧಾನವಾಗಿ ಉಸಿರು ಎಳೆದುಕೊಂಡೆ, ಇನ್ನೂ ನಿಧಾನವಾಗಿ ಬಿಟ್ಟೆ. ಹಾಲು ಅಂಚಿಗೆ ಏರುತ್ತಿರುವುದು ಕಂಡಿತು. ಬಾಳಿನಲ್ಲಿ ಎಂದೂ ನನ್ನ ಕಣ್ಣೆದುರು ಹಾಲು ಉಕ್ಕಿದ್ದಿಲ್ಲ. ಉಸಿರು ಇನ್ನೂ ಅರ್ಧ ಉಳಿದಿತ್ತು, ಅದನ್ನು ಪೂರ್ತಿ ಬಿಟ್ಟೆ. ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿಯಿತು. ಬಟ್ಟೆ ತಂದು ಒರೆಸಿದೆ. ಅವಸರವೇನೂ ಮಾಡಲಿಲ್ಲ.