ತೊಗರಿ ಹೊಲದ ಒಡ್ಡಿನ ಮೇಲೆ ಒಂದು ಪದ್ಯ

ನಾನು ಶಹಾಪುರದವಳು. ಸುರಪುರದ ದಾರಿಯಲ್ಲಿರುವ ಹಳ್ಳಿಯೊಂದರ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಆ ವರ್ಷ ಯಾದಗಿರಿಯಲ್ಲಿ ನಮಗೊಂದು ತರಬೇತಿ ಇತ್ತು. ಪದ್ಯವನ್ನು ಮಕ್ಕಳ ಬದುಕಿಗೆ ಜೋಡಿಸಿ ಎಂದು ಅಲ್ಲಿ ಮತ್ತೆ ಮತ್ತೆ ಹೇಳಿದರು. ನಾನು ಅದನ್ನು ನಂಬಿಬಿಟ್ಟೆ.

ಹತ್ತನೆಯ ತರಗತಿಗೆ ಆಗ ಒಂದು ಪದ್ಯ ನಡೆಯುತ್ತಿತ್ತು. ಸಂತೋಷ ಎಲ್ಲೋ ದೂರದಲ್ಲಿಲ್ಲ, ಬೆಳಗಿನ ಬಿಸಿಲಿನಲ್ಲಿದೆ, ಹೊಲದ ಹಸಿರಿನಲ್ಲಿದೆ, ದಿನದ ಕೆಲಸದಲ್ಲಿದೆ ಎನ್ನುವುದು ಅದರ ಸಾರ. ಹುಡುಗಿಯರಿಗೆ ಅರ್ಥ ಕೇಳಿದರೆ ಎಲ್ಲರ ಬಾಯಲ್ಲೂ ಗೈಡಿನ ಅದೇ ವಾಕ್ಯ: ಕವಿಯು ನಿಸರ್ಗದಲ್ಲಿ ಆನಂದವನ್ನು ಕಂಡಿದ್ದಾನೆ. ಕೇಳಿ ಕೇಳಿ ನನಗೆ ರೇಗಿತು.

"ನಡೀರಿ ಹೊರಗ," ಅಂದೆ.

ಶಾಲೆಯ ಹಿಂದೆ ತೊಗರಿ ಹೂಬಿಟ್ಟು ಹೊಲವೆಲ್ಲ ಹಳದಿಯಾಗಿತ್ತು. ಒಡ್ಡಿನ ಮೇಲೆ ಬೇವಿನ ನೆರಳಿಗೆ ಹುಡುಗಿಯರನ್ನು ಕೂರಿಸಿ ಪದ್ಯ ಓದತೊಡಗಿದೆ. ಮಗ್ಗುಲ ಹೊಲದಲ್ಲಿ ಹೆಂಗಸರು ಹತ್ತಿ ಬಿಡಿಸುತ್ತಿದ್ದರು. ಅವರಲ್ಲೊಬ್ಬಳು ಬಿಡಿಸಿದ ಹತ್ತಿ ತುಂಬಲು ಸೊಂಟಕ್ಕೆ ಕಟ್ಟಿದ ಉಡಿಯ ಸಮೇತ ನೆಟ್ಟಗೆ ನಮ್ಮ ಕಡೆ ಬಂದಳು. ಮುಂದಿನ ಸಾಲಿನಲ್ಲಿ ಕೂತಿದ್ದ ಹುಡುಗಿ ತಲೆ ತಗ್ಗಿಸಿದಳು. ಬಂದವಳು ಅವಳ ತಾಯಿ.

"ಏನ್ ನಡಿಸೀರಿ ಮೇಡಂ?"

"ಪದ್ಯ ಹೇಳಾಕತ್ತೇನ್ರಿ."

"ಒಳಗ ಕುಂತು ಹೇಳಾಕ ಬರಂಗಿಲ್ಲೇನ್ರಿ? ಮಗಳು ಈ ಹೊಲ ಬಿಡ್ಲಿ ಅಂತ ಸಾಲಿಗಿ ಕಳಿಸೀನಿ. ನೀವು ಮತ್ತ ತಂದು ಇಲ್ಲೇ ಕುಂದ್ರಿಸೀರಿ."

"ಹಂಗಲ್ಲವ್ವ. ಇದರಾಗೂ ಖುಷಿ ಅದ ಅಂತ ಪದ್ಯದಾಗ ಬರದಾರ."

"ಖುಷಿ ಅದನಾ? ಹಂಗಾದ್ರ ನೀವೂ ಬರ್ರಿ, ಎರಡು ಸಾಲು ಬಿಡಸ್ರಿ."

ಹುಡುಗಿಯರೆಲ್ಲ ಕಿಸಕ್ಕನೆ ನಕ್ಕರು. ಮಗಳು ಮಾತ್ರ ನಗಲಿಲ್ಲ. ಆ ತಾಯಿಯ ಮಾತನ್ನು ಸುಳ್ಳು ಎನ್ನುವಂತಿರಲಿಲ್ಲ. ಆದರೆ ಆ ಹಳದಿ ಹೂ ನಿಜವಾಗಿಯೂ ಚೆಂದವಿತ್ತು, ಅದನ್ನಾದರೂ ಹೇಗೆ ಸುಳ್ಳೆನ್ನಲಿ? ಪುಸ್ತಕ ಮುಚ್ಚಿ ಎಲ್ಲರನ್ನೂ ಒಳಗೆ ಕರೆದುಕೊಂಡು ಬಂದೆ.

ಅಷ್ಟರಲ್ಲೇ ಯಾರೋ ಫೋಟೋ ತೆಗೆದು ಊರಿನ ವಾಟ್ಸ್ಯಾಪ್ ಗುಂಪಿಗೆ ಹಾಕಿದ್ದರು. ಸಾಲಿ ಬಿಟ್ಟು ಹೊಲದಾಗ ಹುಡುಗ್ಯಾರು ಅಂತ ಅದರ ಕೆಳಗೊಂದು ಸಾಲು. ಹೆಡ್‌ಮಾಸ್ತರರು ಕರೆಸಿದರು.

"ಮೇಡಂ, ಗೈಡಿನ್ಯಾಗ ಉತ್ತರ ಅದ. ಬರಸ್ರಿ, ಮುಗಸ್ರಿ. ಯಾಕ ಬೇಕು ಈ ಉಸಾಬರಿ?"

"ತರಬೇತಿಯೊಳಗ ಬದುಕಿಗೆ ಜೋಡಸ್ರಿ ಅಂದಾರ್ರಿ ಸರ್."

"ತರಬೇತಿಯೊಳಗ ಅಂತಾರ್ರಿ. ರಿಜಲ್ಟ್ ಕಮ್ಮಿ ಆದ್ರ ಜವಾಬು ಕೊಡಾಕ ಅವರು ಬರ್ತಾರೇನು?"

ಮರುದಿನ ಕೊನೆಯ ಪ್ರಯತ್ನ ಎಂದುಕೊಂಡು ಹಾಳೆ ಕೊಟ್ಟು, "ನಿಮಗ ಯಾವುದ್ರಾಗ ಖುಷಿ ಆಗ್ತದ, ನಿಮ್ಮ ಮಾತಿನ್ಯಾಗ ಬರೀರಿ," ಅಂದೆ. ಹೆಚ್ಚಿನವರು ನಿಸರ್ಗದಲ್ಲಿ ಆನಂದ ಎಂದೇ ಬರೆದರು. ಆ ಹುಡುಗಿಯ ಹಾಳೆ ಖಾಲಿ ಇತ್ತು.

"ಯಾಕವ್ವ?"

"ಅವ್ವ ಹೇಳಿದ್ದು ಬರೀಲೇನ್ರಿ, ಕವಿ ಹೇಳಿದ್ದು ಬರೀಲೇನ್ರಿ?"

"ನಿಂಗ ಅನಿಸಿದ್ದು ಬರಿ."

ಅವಳು ಪೆನ್ನಿನ ಮುಚ್ಚಳ ತೆಗೆದಳು. ಮತ್ತೆ ಹಾಕಿದಳು. "ಪರೀಕ್ಷಾದಾಗ ಅದಕ್ಕ ಮಾರ್ಕ್ಸ್ ಕೊಡ್ತಾರೇನ್ರಿ?"

ಅವಳ ಉತ್ತರಪತ್ರಿಕೆ ಯಾರ ಕೈಗೆ ಹೋಗುತ್ತದೋ, ಅವರ ಮುಂದೆ ಯಾವ ಮಾದರಿ ಉತ್ತರ ಇರುತ್ತದೋ ನನಗೇನು ಗೊತ್ತು? ಹೊಲ ಬಿಡಬೇಕಾದವಳು ಅವಳು. ನನ್ನ ಹಟಕ್ಕೆ ಅವಳ ಮಾರ್ಕ್ಸನ್ನು ಒತ್ತೆ ಇಡಲೇ?

ಸೀಮೆಸುಣ್ಣ ತಗೊಂಡು ಗೈಡಿನ ಉತ್ತರವನ್ನೇ ಬೋರ್ಡಿನ ಮೇಲೆ ಬರೆದೆ. 'ಆನಂದ' ಎಂದು ಬರೆಯುವಾಗ ಸುಣ್ಣದ ಕಡ್ಡಿ ಮುರಿಯಿತು. ಅಷ್ಟು ಒತ್ತಿ ಬರೆಯುತ್ತಿದ್ದೆ. ಹಿಂದೆ ಹುಡುಗಿಯರು ಸದ್ದಿಲ್ಲದೆ ನಕಲು ಮಾಡಿಕೊಳ್ಳುತ್ತಿದ್ದರು. ಎಲ್ಲರಿಗಿಂತ ಮೊದಲು ಮುಗಿಸಿದವಳು ಅವಳೇ.

"ಮುಂದಿಂದು ಯಾವುದ್ರಿ ಮೇಡಂ?" ಅಂದಳು.

"ವ್ಯಾಕರಣ. ಅದರಾಗ ಒಂದು ಪ್ರಶ್ನಿಗಿ ಒಂದೇ ಉತ್ತರ," ಅಂದೆ. ಅವಳ ಮುಖ ಅರಳಿತು.