ಅಕ್ಕನ ಬಾಯಿಗೆ ಕಾವಲು

ನನ್ನಕ್ಕ ವಿದೋಸಾವಾಳನ್ನು ನಾನು ಮೊದಲು ತೂಗಿದ್ದು ರಾಸ್ಪ್‌ಬೆರ್ರಿ ತೂಗುವ ಯಂತ್ರದ ಮೇಲೆ. ಮನೆಯಲ್ಲಿದ್ದ ಯಂತ್ರ ನೂರಿಪ್ಪತ್ತು ಕಿಲೊಗೇ ನಿಂತುಬಿಡುತ್ತಿತ್ತು, ಏನು ಮಾಡುವುದು! ನಮ್ಮೂರು ಆರಿಲ್ಯೆಯ ಹಣ್ಣಿನ ಶೀತಲಗೃಹದಲ್ಲಿ ಇಪ್ಪತ್ತೆರಡು ವರ್ಷದಿಂದ ತೂಕ ನೋಡುವವಳು ನಾನೇ. ಶನಿವಾರ ಹಣ್ಣು ತಂದವರೆಲ್ಲ ಹೋದ ಮೇಲೆ ಅಕ್ಕ ಊರುಗೋಲನ್ನು ಗೋಡೆಗೆ ಒರಗಿಸಿ, ಪೆಟ್ಟಿಗೆಗಳನ್ನಿಡುವ ಹಲಗೆಯ ಮೇಲೆ ಹತ್ತಿ ಕಣ್ಣು ಮುಚ್ಚಿ ನಿಂತಳು. ನೂರಾ ಮೂವತ್ತನಾಲ್ಕು.

ಉಝಿತ್ಸೆಯ ಮೂಳೆ ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಿದ್ದರು. ನೂರಾ ಹತ್ತಕ್ಕಿಂತ ಕೆಳಗಿಳಿದರೆ ಮಂಡಿ ಬದಲಾಯಿಸುತ್ತಾರೆ, ಇಲ್ಲವಾದರೆ ಮುಟ್ಟುವುದೂ ಇಲ್ಲ. ಮೂವತ್ತು ವರ್ಷ ಊರಿನ ಮದುವೆಗೂ ಸಾವಿಗೂ ಅಡುಗೆ ಮಾಡಿದ ಹೆಂಗಸು ಈಗ ಒಲೆಯ ಮುಂದೆ ಹತ್ತು ನಿಮಿಷ ನಿಲ್ಲಲಾರಳು. ಆಲೂಗಡ್ಡೆ ಸುಲಿಯುವುದೂ ಕುರ್ಚಿಯಲ್ಲಿ ಕೂತೇ. ಅವಳಿಗೆ ಬೇರೇನೂ ಬೇಡವಾಗಿತ್ತು, ನಿಲ್ಲಬೇಕು ಅಷ್ಟೆ.

ಅವಳ ಗಂಡ ತೀರಿಕೊಂಡಿದ್ದ, ನಾನು ಮದುವೆಯೇ ಆದವಳಲ್ಲ. ಹಾಗಾಗಿ ಗಂಟುಮೂಟೆ ಕಟ್ಟಿಕೊಂಡು ಅವಳ ಮನೆಗೇ ಹೋದೆ. ಚೀಸು, ಹೊಗೆಯಾಡಿಸಿದ ಮಾಂಸ, ಜಾಮು ಎಲ್ಲವನ್ನೂ ಕೋಣೆಗೆ ಹಾಕಿ ಬೀಗ ಜಡಿದೆ. ನನ್ನ ಬಾಯಿಯಂತೂ ಕೇಳಬೇಡಿ.

"ನಾಚ್ಕೆ ಆಗಲ್ವೇನೇ ನಿಂಗೆ? ಊಟ ಬಲ್ಲವನಿಗೆ ರೋಗವಿಲ್ಲ ಅಂತಾರೆ. ನನ್ನ ನೋಡು, ಕೇಕು ಅರ್ಧ ತುಂಡು ತಿಂತೀನಿ, ಇನ್ನರ್ಧ ಇಟ್ಬಿಡ್ತೀನಿ. ನಂಗೇನು ನಾಲಿಗೆ ಇಲ್ವಾ?"

"ನೀನು ಗಟ್ಟಿಗಿತ್ತಿ ಕಣೇ, ಪೆರ್ಸಾ. ಅಮ್ಮನೂ ಅದನ್ನೇ ಹೇಳ್ತಿದ್ಲು," ಎನ್ನುತ್ತಿದ್ದಳು ಅಕ್ಕ. ಹೌದು, ಆ ಮಾತು ಕೇಳಿದರೆ ನನಗೆ ಒಳಗೊಳಗೇ ಹಿಗ್ಗು. ಸುಳ್ಳೇಕೆ ಹೇಳಲಿ?

ನಾಲ್ಕು ಕಿಲೊ ಇಳಿಯುವುದು, ಮೂರು ಏರುವುದು. ಹದಿನಾಲ್ಕು ತಿಂಗಳಲ್ಲಿ ನೂರಾ ಹದಿನೇಳಕ್ಕೆ ಬಂದಳು. ಅಷ್ಟರಲ್ಲಿ ಇಬ್ಬರಿಗೂ ಸಾಕುಸಾಕಾಗಿತ್ತು.

ಆಗಲೇ ಬೆಲ್‌ಗ್ರೇಡಿನಲ್ಲಿ ಯಾರೋ ಡಾಕ್ಟರುಗಳು ಒಬ್ಬರು ದಪ್ಪ, ಒಬ್ಬರು ಸಣ್ಣ ಇರುವ ಒಡಹುಟ್ಟಿದವರನ್ನು ಹುಡುಕುತ್ತಿದ್ದಾರೆಂದು ಗೊತ್ತಾಯಿತು. ಪಥ್ಯಕ್ಕೂ ಸಹಾಯ ಮಾಡುತ್ತಾರಂತೆ. ಹೋದೆವು. ರಕ್ತ ತೆಗೆದುಕೊಂಡರು. ಮಿದುಳಿನ ಚಿತ್ರ ತೆಗೆಯುವ, ಢಣಢಣ ಸದ್ದು ಮಾಡುವ ಕೊಳವೆಯೊಳಗೆ ಒಬ್ಬೊಬ್ಬರನ್ನೇ ಮಲಗಿಸಿ, ಕೇಕಿನ ಚಿತ್ರ ತೋರಿಸಿ, ನಳಿಗೆಯಲ್ಲಿ ಒಂದೊಂದೇ ಗುಟುಕು ಸಿಹಿಹಾಲು ಬಾಯಿಗೆ ಬಿಟ್ಟರು. ನನಗೆ ಅದರೊಳಗೆ ನಿದ್ದೆಯೇ ಬಂದಿತ್ತು.

ಮೂರು ತಿಂಗಳ ಮೇಲೆ ಮತ್ತೆ ಕರೆಸಿದರು. ಟಿಯೊಡೊರಾ ಅಂತ ಎಳೆಯ ವಯಸ್ಸಿನ ಡಾಕ್ಟರು. ನಮ್ಮಿಬ್ಬರ ಮಿದುಳಿನ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನಿಧಾನವಾಗಿ ಹೇಳಿದಳು.

"ತೂಕ ಏರೋ ಕಡೆಗೆ ತಳ್ಳೋ ಜೀನುಗಳು ಹಲವಾರಿವೆ. ಒಂದೊಂದೂ ತಳ್ಳೋದು ಸ್ವಲ್ಪವೇ. ಆದ್ರೆ ನಿಮ್ಮಲ್ಲಿ ಅಪ್ಪನ ಕಡೆಯವೂ ಅಮ್ಮನ ಕಡೆಯವೂ ಬಹಳ ಕೂಡಿಕೊಂಡಿವೆ, ವಿದೋಸಾವಾ ಅವರೇ. ತಿಂದ್ರೆ ಖುಷಿ ಅನ್ಸೋ ಜಾಗ ಮಿದುಳಲ್ಲಿ ಇದೆ. ಕೇಕ್ ಕಂಡ ತಕ್ಷಣ ನಿಮ್ಮಲ್ಲಿ ಅದು ಜೋರಾಗಿ ಎಚ್ಚರಾಗುತ್ತೆ. ಬಾಯಿಗೆ ಬಿದ್ದಾಗ ಮಾತ್ರ ಮಂಕಾಗುತ್ತೆ. ಅದಕ್ಕೇ ಇನ್ನೊಂದು ಬೇಕು, ಇನ್ನೊಂದು ಬೇಕು ಅನ್ಸುತ್ತೆ. ಇದೇ ಹಣೆಬರಹ ಅಂತಲ್ಲ, ನೀವು ಹದಿನೇಳು ಕಿಲೊ ಇಳಿಸಿದೀರಲ್ಲ."

"ಇವಳಲ್ಲಿ?" ಅಕ್ಕ ನನ್ನ ಕಡೆ ಬೆರಳು ಮಾಡಿದಳು.

"ಇವರಲ್ಲಿ ಅಂಥವು ತೀರಾ ಕಮ್ಮಿ. ಕೇಕ್ ತೋರಿಸಿದಾಗ್ಲೂ ಹೆಚ್ಚೇನೂ ಆಗ್ಲಿಲ್ಲ."

ಅಕ್ಕ ನನ್ನತ್ತ ತಿರುಗಿದಳು. "ನಿಜ ಹೇಳು, ಪೆರ್ಸಾ. ಆ ಅರ್ಧ ತುಂಡು ಇಟ್ಬಿಡ್ತೀಯಲ್ಲ, ಆಮೇಲೆ ಅದು ನಿನ್ನ ಕರೆಯಲ್ವಾ?"

"ಕರೆಯೋದಾ? ಇಲ್ಲಕ್ಕ. ಮರ್ತೇಹೋಗುತ್ತೆ."

"ಮರ್ತೇಹೋಗುತ್ತಾ!" ಅವಳ ದನಿ ಸಣ್ಣದಾಯಿತು. "ನನ್ನ ಹಾಗೇ ಎಲ್ರಿಗೂ ಬೆಳಗಿಂದ ರಾತ್ರಿವರೆಗೂ ಕರೆಯುತ್ತೆ, ಎಲ್ರೂ ಹಲ್ಲು ಕಚ್ಚಿ ತಡ್ಕೋತಾರೆ, ನನ್ನ ಕೈಲಿ ಮಾತ್ರ ಆಗಲ್ಲ ಅಂದ್ಕೊಂಡಿದ್ದೆ. ಅರವತ್ತು ವರ್ಷ ಹಾಗೇ ಅಂದ್ಕೊಂಡಿದ್ದೆನಲ್ಲೇ."

ನನಗೆ ಮೊದಲು ಬಂದದ್ದು ಸಿಟ್ಟು. ನನ್ನ ಇಷ್ಟು ವರ್ಷದ ಸಂಯಮ ಸಂಯಮವೇ ಅಲ್ಲವಾ? ಒಂದು ದಿನವೂ ಹೋರಾಡದೆ ಗೆದ್ದವಳಾ ನಾನು? ಆಮೇಲೆ ಬಂದದ್ದು ನಾಚಿಕೆ. ಊರಿಗೆ ಮರಳುವ ಬಸ್ಸಿನಲ್ಲಿ ಅದು ದಾರಿಯುದ್ದಕ್ಕೂ ನನ್ನ ಪಕ್ಕದಲ್ಲೇ ಕೂತಿತ್ತು.

ಚಾಚಕ್‌ನಲ್ಲಿ ಬಸ್ಸು ಬದಲಿಸಬೇಕಿತ್ತು. ಮುಂದಿನದು ಬರಲು ಒಂದು ತಾಸು. ನಾನು ಟಿಕೆಟ್ ತಂದು ನೋಡುತ್ತೇನೆ, ಅಕ್ಕ ಬೆಂಚಿನ ಮೇಲೆ ಎರಡು ಲೆಪಿನ್ಯಾ ಇಟ್ಟುಕೊಂಡು ಕೂತಿದ್ದಾಳೆ. ಬಿಸಿ ರೊಟ್ಟಿ, ಒಳಗೆ ಕೆನೆ, ಮೊಟ್ಟೆ, ಮಾಂಸದ ಜಿಡ್ಡು. ಒಂದನ್ನು ಆತುರಾತುರವಾಗಿ ಮುಗಿಸಿದಳು. ಎರಡನೆಯದಕ್ಕೆ ಕೈ ಹಾಕಿದಳು. ನಾನು ಪಕ್ಕದಲ್ಲಿ ಕೂತು ಬಸ್ಸುಗಳನ್ನು ನೋಡತೊಡಗಿದೆ.

"ಏನೇ, ಬೈಯಲ್ವಾ?" ಬಾಯಿ ತುಂಬಿಕೊಂಡೇ ಕೇಳಿದಳು.

"ಇಲ್ಲಕ್ಕ. ಯಾವ ಮುಖ ಇಟ್ಕೊಂಡು ಬೈಲಿ? ತಿನ್ನು."

ಅಗಿಯುವುದು ನಿಂತಿತು. ಅವಳ ಕಣ್ಣುಗಳು ತುಂಬಿಬಂದವು.

"ಅಯ್ಯೋ, ಹಾಗಂದ್ರೆ ಹೇಗೇ? ತಪ್ಪು ನನ್ನದಲ್ಲ ಅಂತ ಆಯ್ತು, ಸರಿ. ಮಂಡಿ ನನ್ನದೇ ತಾನೆ? ಇನ್ನೂ ಏಳು ಕಿಲೊ ಇದೆ. ನೀನೂ ಕೈಬಿಟ್ರೆ ನನ್ನ ಹಿಡಿಯೋರು ಯಾರೇ? ಬೈಯೇ, ಪೆರ್ಸಾ. ಬೇಗ ಬೈಯಿ. ಇನ್ನೂ ಅರ್ಧ ಕೈಲಿದೆ."

"ಇಡೇ ಕೆಳಗೆ, ಹೊಟ್ಟೆಬಾಕಿ!" ಎಂದೆ.

ಇಟ್ಟಳು. ಅದಕ್ಕೆ ಏನು ಬೆಲೆ ತೆರುತ್ತಿದ್ದಾಳೆಂದು ಈಗ ಗೊತ್ತಿದ್ದೂ, ಬಸ್ಸು ಬರುವ ತನಕ ನಾನು ಬೈಯುತ್ತಲೇ ಇರಬೇಕಾಯಿತು.