ಗೋಲ್ ಕಂಬದ ಕಾಯಿ

ನಮ್ಮ ಫುಟ್‌ಬಾಲ್ ತಂಡದಲ್ಲಿ ಯಾರನ್ನಾದರೂ ಆಟದಿಂದ ಕೈಬಿಡಬೇಕಾದರೆ ಅದನ್ನು ಬಾಯಿಬಿಟ್ಟು ಹೇಳುವ ರೂಢಿ ಇರಲಿಲ್ಲ. ಕೈಗೊಂದು ತೆಂಗಿನಕಾಯಿ ಕೊಡುತ್ತಿದ್ದರು. ಪಂದ್ಯಕ್ಕೆ ಮುಂಚೆ ಗೋಲ್ ಕಂಬದ ಬುಡದಲ್ಲಿ ಕಾಯಿ ಒಡೆಯುವುದು ಬೇರೆ ತಂಡಗಳಲ್ಲೂ ಇತ್ತು. ಆದರೆ ನಮ್ಮಲ್ಲಿ ಅದನ್ನು ಒಡೆದವನು ಆವತ್ತು ಆಡುವುದಿಲ್ಲ ಎಂದು ಅರ್ಥ. ಈ ಉಪಾಯ ನಮ್ಮ ಮೊದಲ ಮ್ಯಾನೇಜರರದ್ದು. ಹೊಸಪೇಟೆಯಲ್ಲಿ ಟೈರ್ ಅಂಗಡಿ ಇಟ್ಟುಕೊಂಡಿದ್ದ ಅವರಿಗೆ ಜನರ ಸ್ವಭಾವ ಚೆನ್ನಾಗಿ ಗೊತ್ತಿತ್ತು. ದೇವರ ಕಾಯಿ ಕೈಗೆ ಬಂದ ಮೇಲೆ ಯಾವನು ಜಗಳಕ್ಕೆ ನಿಲ್ಲುತ್ತಾನೆ? ಬೇಡ ಅನ್ನುವ ಹಾಗಿಲ್ಲ. ಸಿಟ್ಟಿನಿಂದ ನೆಲಕ್ಕೆ ಬಡಿದರೂ ಒಡೆದ ಹಾಗೆಯೇ ಆಯಿತಲ್ಲ!

ನಾನು ಆ ತಂಡದ ಫಾರ್ವರ್ಡ್. ಗೋಲು ಹೊಡೆಯುವುದು ನನ್ನ ಕೆಲಸ. ಹೊಡೆಯುತ್ತಿದ್ದದ್ದು ತಲೆಯಿಂದ, ಕಾಲಿನ ಆಟ ಅಷ್ಟಕ್ಕಷ್ಟೇ. ಕಂಪ್ಲಿಯಲ್ಲಿ ನಮ್ಮಪ್ಪನ ಅಕ್ಕಿ ಗಿರಣಿಯ ಹಿಂದೆ, ಭತ್ತ ಕೊಯ್ದ ಗದ್ದೆಯಲ್ಲಿ ಆಡಿ ಕಲಿತವನು ನಾನು. ಕೂಳೆ ನಿಂತ ನೆಲದಲ್ಲಿ ಚೆಂಡು ಉರುಳಿಸಿದರೆ ಅದು ಎತ್ತ ತಿರುಗುತ್ತದೋ ಹೇಳಲಾಗದು. ಹಾಗಾಗಿ ಒಬ್ಬ ಬದಿಯಿಂದ ಎತ್ತಿ ಹಾಕಬೇಕು, ಇನ್ನೊಬ್ಬ ತಲೆ ಕೊಡಬೇಕು. ಎತ್ತಿ ಹಾಕುತ್ತಿದ್ದವನು ಕಮಲಾಪುರದ ನನ್ನ ಗೆಳೆಯ. ಸೋದರಮಾವನ ಮನೆಯಲ್ಲಿದ್ದು ಕಂಪ್ಲಿಯಲ್ಲಿ ಓದುತ್ತಿದ್ದ. ಅವನ ಬಲಗಾಲಿನಿಂದ ಎದ್ದ ಚೆಂಡು ಎಲ್ಲಿ ಇಳಿಯುತ್ತದೆಂದು ನನಗೆ ನೋಡದೆಯೇ ತಿಳಿಯುತ್ತಿತ್ತು. ನಾನು ಹೊಡೆದ ಗೋಲುಗಳೆಲ್ಲ ಅರ್ಧ ಅವನವು. ಅವನನ್ನು ಕೇಳಿದರೆ ಮುಕ್ಕಾಲು ಅನ್ನುತ್ತಾನೆ.

ಮುಂದೆ ಇಬ್ಬರೂ ಹೊಸಪೇಟೆಯ ತಂಡ ಸೇರಿದೆವು. ಅದು ಎರಡನೇ ದರ್ಜೆಯ ಲೀಗಿನಲ್ಲಿ ಹುಟ್ಟಿ ಅಲ್ಲೇ ಮುಪ್ಪಾದ ತಂಡ. ವಾರವೆಲ್ಲ ಅಂಗಡಿ, ಗಿರಣಿ, ಗದ್ದೆ, ಭಾನುವಾರ ಆಟ. ಸಂಡೂರಿಗೆ ಹೋದರೆ ಅಲ್ಲಿನ ಕೆಂಪು ನೆಲದಲ್ಲಿ ಬಿದ್ದೆದ್ದು, ಬಿಳಿ ಜರ್ಸಿ ಇಟ್ಟಿಗೆ ಬಣ್ಣವಾಗಿ ಮನೆಗೆ ಬರುತ್ತಿತ್ತು. ಅವ್ವ ಅದನ್ನು ಬಕೆಟ್ಟಿಗೆ ಹಾಕುವ ಮುಂಚೆ ಆಟವನ್ನೂ ನನ್ನನ್ನೂ ಸೇರಿಸಿ ಬೈಯುತ್ತಿದ್ದಳು.

ನನಗೂ ಒಂದು ದಿನ ಕಾಯಿ ಬಂತು. ಮೊಣಕಾಲು ಮಾತು ಕೇಳದೆ ಆಗಲೇ ಬಹಳ ದಿನವಾಗಿತ್ತು. ಮ್ಯಾನೇಜರರು ನನ್ನ ಮುಖ ನೋಡಿಕೊಂಡೇ ಕಾಯಿ ಕೊಟ್ಟರು, ಭುಜ ತಟ್ಟಿದರು. ಒಡೆದೆ. ನೀರೆಲ್ಲ ಬೂಟಿನ ಮೇಲೆ ಚೆಲ್ಲಿತು. ಅತ್ತದ್ದು ಮಾತ್ರ ಮನೆಗೆ ಹೋಗಿ. ಆಟ ಬಿಟ್ಟ ಮೇಲೂ ಮೈದಾನ ಬಿಡಲಾಗಲಿಲ್ಲ. ಮ್ಯಾನೇಜರರಿಗೆ ವಯಸ್ಸಾದಾಗ ತಂಡವನ್ನು ನನಗೇ ಒಪ್ಪಿಸಿದರು. ಚೆಂಡಿನ ಚೀಲ, ಸೀಟಿ, ಎರಡು ಬಲೆಗಳ ಜೊತೆ ಕಾಯಿಯ ಕೆಲಸವೂ ನನ್ನ ಪಾಲಿಗೆ ಬಂತು.

ಹುಡುಗರಿಗೆ ಕಾಯಿ ಕೊಡುವುದು ಸುಲಭ. ಅವರಿಗೆ ಮುಂದಿನ ಭಾನುವಾರ ಇರುತ್ತದೆ. ವಯಸ್ಸಾದವರದ್ದೇ ಕಷ್ಟ. ನಮ್ಮ ಹಳೆಯ ಗೋಲ್‌ಕೀಪರನಿಗೆ ಕೊಟ್ಟೆ ನೋಡಿ, ಒಡೆದು, ಚಪ್ಪಲಿ ಮೆಟ್ಟಿಕೊಂಡು ಹೋದವನು ಮತ್ತೆ ಮೈದಾನದ ಕಡೆ ತಲೆ ಹಾಕಲಿಲ್ಲ. ಇವತ್ತಿಗೂ ಬಜಾರಿನಲ್ಲಿ ನನ್ನನ್ನು ಕಂಡರೆ ರಸ್ತೆಯ ಆ ಬದಿಗೆ ದಾಟಿಬಿಡುತ್ತಾನೆ.

ಈಗ ಗೆಳೆಯನ ಸರದಿ ಬಂದಿತ್ತು. ಅವನಿಗೆ ಓಡಲು ಉಸಿರು ಸಾಲುತ್ತಿರಲಿಲ್ಲ. ದಾಳಿಗೆ ಮುಂದೆ ಹೋದರೆ ಕಾವಲಿಗೆ ಹಿಂದೆ ಬರುವುದು ಕಷ್ಟ. ಅವನ ಬದಿಯಿಂದಲೇ ನಮಗೆ ಗೋಲು ಬೀಳುತ್ತಿದ್ದವು. ಬಂಡ್ರಿಯಿಂದ ಬರುತ್ತಿದ್ದ ಹೊಸಬನೊಬ್ಬ ಅದೇ ಜಾಗಕ್ಕೆ ಸಿದ್ಧನಾಗಿದ್ದ. ಮುಂದಿನ ಪಂದ್ಯ ಸಂಡೂರಿನಲ್ಲಿ. ಸೋತರೆ ಮೂರನೇ ದರ್ಜೆಗೆ ಇಳಿಯುತ್ತಿದ್ದೆವು. ಇಡೀ ತಂಡಕ್ಕೆ ಗೊತ್ತಿದ್ದದ್ದು ನನಗೆ ಗೊತ್ತಿಲ್ಲ ಅಂತಲ್ಲ. ಆದರೆ ಅವನೂ ನನ್ನನ್ನು ಕಂಡು ರಸ್ತೆ ದಾಟುವಂತಾದರೆ? ಗೆಳೆಯ ಅನ್ನಲು ನನಗಿದ್ದದ್ದು ಅವನೊಬ್ಬನೇ. ಹೆದರಿಕೆಯಾಯಿತು, ನಿಜ ಹೇಳುತ್ತೇನೆ.

ಹೆದರಿದವನು ಏನು ಮಾಡುತ್ತಾನೋ ಅದನ್ನೇ ಮಾಡಿದೆ. ಆವತ್ತು ಕಾಯಿಯನ್ನೇ ತರಲಿಲ್ಲ.

ವ್ಯಾನು ಕಮಲಾಪುರದಲ್ಲಿ ನಿಂತಾಗ ಅವನು ಎಂದಿನಂತೆ ಬಾಳೆಹಣ್ಣಿನ ಚೀಲ ಹಿಡಿದು ಹತ್ತಿದ. ತನ್ನ ತೋಟದ ಹಣ್ಣು. ಪ್ರತಿ ಪಂದ್ಯಕ್ಕೂ ತರುತ್ತಿದ್ದ. ದಾರಿಯುದ್ದಕ್ಕೂ ಹುಡುಗರನ್ನು ಕಾಡಿಸಿದ. ನಾನು ಕಿಟಕಿಯ ಆಚೆ ಗುಡ್ಡ ನೋಡುತ್ತ ಕೂತೆ.

ಸಂಡೂರಿನ ಮೈದಾನದಲ್ಲಿ ಇಳಿದು, ಬೂಟು ಕಟ್ಟಿಕೊಂಡು ಎಲ್ಲರೂ ಗೋಲ್ ಕಂಬದ ಹತ್ತಿರ ಸೇರಿದರು. ನಾನು ಗಂಟಲು ಸರಿಮಾಡಿಕೊಂಡು, “ಕಾಯಿ ತರಾದು ಮರ್ತೆ ನೋಡ್ರಲೇ” ಅಂದೆ.

“ಕಾಯಿ ಇಲ್ದ ಹೆಂಗ ಆಡಾದ್ರಿ?” ಎಂದ ಈಗಿನ ಗೋಲ್‌ಕೀಪರ್ ಹುಡುಗ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬ ಅಂಗಡಿಗೆ ಓಡಲು ಎದ್ದೂ ಬಿಟ್ಟ.

“ತಡಿಯಲೇ” ಎಂದು ಗೆಳೆಯ ತನ್ನ ಚೀಲಕ್ಕೆ ಕೈ ಹಾಕಿದ. ಬಾಳೆಹಣ್ಣಿನ ಅಡಿಯಿಂದ ಒಂದು ತೆಂಗಿನಕಾಯಿ ತೆಗೆದ. ಸಿಪ್ಪೆ ಸುಲಿದು, ಜುಟ್ಟು ಬಿಟ್ಟು, ಅರಿಶಿನ ಕುಂಕುಮ ಹಚ್ಚಿದ್ದ ಕಾಯಿ. ಬೆಳಗ್ಗೆ ಮನೆಯಲ್ಲೇ ಎಲ್ಲ ತಯಾರು ಮಾಡಿಕೊಂಡು ಬಂದಿದ್ದ.

ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದ: “ನೀ ಮರೆಯಾ ಮನುಷ್ಯ ಅಲ್ಲ ಬಿಡಲೇ. ಎಷ್ಟ್ ದಿನ ಆತು, ನನ್ನ ಮುಖ ನೋಡಿ ಮಾತಾಡವಲ್ಲಿ. ನನಗ ತಿಳಿಯಂಗಿಲ್ಲೇನು?”

“ಹಂಗಾದ್ರ ಹೋಗಿ ಒಡಿ” ಅಂದೆ.

“ಹಂಗಲ್ಲ.” ಕಾಯಿಯನ್ನು ನನ್ನ ಎರಡೂ ಕೈಯಲ್ಲಿಟ್ಟ. “ನಾನ ತಂದು ನಾನ ಒಡದ್ರ ಬರೇ ಪೂಜಿ ಆಕೈತಿ. ಹುಡುಗ್ರು ನೋಡಾಕತ್ಯಾರ. ನೀ ಕೊಡು.”

ಆ ಕಾಯಿ ಅಷ್ಟು ಭಾರ ಇರಲು ಸಾಧ್ಯವೇ ಇಲ್ಲ. ಹಳೆಯ ಮ್ಯಾನೇಜರರು ನನಗೆ ಕೊಟ್ಟಿದ್ದ ಹಾಗೆ, ಅವನ ಮುಖ ನೋಡಿಕೊಂಡೇ ಕೊಟ್ಟೆ. ಕಣ್ಣು ತುಂಬಿ ಬಂದವು, ಮರೆಸಲು ಹೋಗಲಿಲ್ಲ. ಅವನು ಕಂಬದ ಬುಡಕ್ಕೆ ಹೋಗಿ ಒಂದೇ ಏಟಿಗೆ ಒಡೆದ. ಸರಿಯಾಗಿ ಎರಡು ಹೋಳು. ತಿರುಗಿ ಬಂದು, ಬಂಡ್ರಿಯವನ ಬೆನ್ನ ಮೇಲೊಂದು ಗುದ್ದಿ, “ಎತ್ತಿ ಹಾಕಲೇ, ಉರುಳಿಸಬ್ಯಾಡ” ಎಂದ.

ಆಮೇಲೆ ಚಪ್ಪಲಿ ಹುಡುಕಿ ಮೆಟ್ಟಿಕೊಂಡ. ಹಳೆಯ ಗೋಲ್‌ಕೀಪರನೂ ಹೀಗೇ ಮೆಟ್ಟಿಕೊಂಡು ಹೋಗಿದ್ದ. ಅವನು ಬೆಂಚಿಗೆ ಬಂದು ನನ್ನ ಪಕ್ಕ ಕೂತು, ಮೈದಾನ ನೋಡುತ್ತ ಬಾಳೆಹಣ್ಣು ಸುಲಿಯತೊಡಗಿದ.

ಪಂದ್ಯ ಸಮವಾಯಿತು, ನಾವು ಇಳಿಯಲಿಲ್ಲ. ನಮ್ಮ ಗೋಲು ಬಲಬದಿಯಿಂದ ಎದ್ದು ಬಂದ ಚೆಂಡಿನದು. ಅದು ಗಾಳಿಯಲ್ಲಿದ್ದಾಗಲೇ ಇಬ್ಬರೂ ಬೆಂಚಿನಿಂದ ಎದ್ದಿದ್ದೆವು. ಅವನ ಬಲಗಾಲು ಮುಂದಕ್ಕೆ ಬೀಸಿತ್ತು, ನನ್ನ ಕುತ್ತಿಗೆ ತಾನಾಗಿಯೇ ಬಾಗಿತ್ತು. ಹಾಗೆ ನಿಂತಿದ್ದನ್ನು ನೋಡಿ ಸಂಡೂರಿನವರೂ ನಕ್ಕರು.

ಸಂಜೆ ಕಮಲಾಪುರದಲ್ಲಿ ವ್ಯಾನು ನಿಂತಿತು. ಅವನು ಖಾಲಿ ಚೀಲ ಮಡಚಿ ಕಂಕುಳಲ್ಲಿಟ್ಟುಕೊಂಡು ಇಳಿದ. ಏನು ಹೇಳುತ್ತಾನೋ ಎಂದು ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿದೆ.

“ಮುಂದಿನ ಭಾನುವಾರ ಕಾಯಿ ನಾನ ತರ್ತೀನಿ,” ಎಂದ. “ಕೊಡಾದು ಮಾತ್ರ ನೀನಲೇ.”